ಒಂಬೈನೂರ ಮೂವತ್ತೊಂಬತ್ತು ತೂತುಗಳ ಬೋರ್ಡು

ಕಂಪ್ಲಿ
೬ ಆಗಸ್ಟ್ ೨೦೦೭

ಸಂಡೂರು ವಾಸಿ ಓಬಳೇಶ ಬಿನ್ ಸುಂಕಪ್ಪ ಇವರಿಗೆ,

ವಿಷಯ: ಆಟದ ಕಂಪ್ಯೂಟರಿಗೆ ತಕ್ಕ ಮದರ್‌ಬೋರ್ಡ್ ಯಾವುದೆಂಬ ಬಗ್ಗೆ ವಿವರಣೆ ಕೋರಿ.

೧. ಹಾಲಸ್ವಾಮಿ ಬಿನ್ ರೇವಣಸಿದ್ದಯ್ಯ, ವಯಸ್ಸು ಎಪ್ಪತ್ತೆರಡು, ಎಂಬ ನಾನು ಹೊಸಪೇಟೆಯಲ್ಲಿ ತಾಲ್ಲೂಕು ಕಚೇರಿಯ ಎದುರು ಮೂವತ್ತೆಂಟು ವರ್ಷ ಅರ್ಜಿಗಳನ್ನೂ ಅವುಗಳ ನಕಲುಗಳನ್ನೂ ಬರೆದು, ಈಗ ಕಂಪ್ಲಿಯಲ್ಲಿ ಮಗನ ಮನೆಯಲ್ಲಿರುತ್ತೇನೆ.

೨. ತಾವು ನನ್ನ ಮೊಮ್ಮಗ ತಿಪ್ಪೇಶನೊಂದಿಗೆ ಹೊಸಪೇಟೆಯಲ್ಲಿ ಮೂರು ವರ್ಷ ಡಿಪ್ಲೊಮಾ ಓದಿದವರು. ನಮ್ಮ ಮನೆಯಲ್ಲಿ ಹಲವು ಬಾರಿ ಉಂಡವರು.

೩. ಕಳೆದ ಫೆಬ್ರವರಿ ನಾಲ್ಕರ ಸಂಜೆ ತಾವು ನಡೆಸುತ್ತಿದ್ದ ಮೋಟಾರ್ ಸೈಕಲ್ಲು ಹೊಸಪೇಟೆ–ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಯೊಂದನ್ನು ದಾಟುವಾಗ, ರಸ್ತೆಗೆ ಚೆಲ್ಲಿದ್ದ ಅದಿರಿನ ಪುಡಿಯ ಮೇಲೆ ಜಾರಿತು. ಹಿಂದೆ ಕುಳಿತಿದ್ದ ತಿಪ್ಪೇಶನ ಸೊಂಟದ ಮೂಳೆ ಮುರಿಯಿತು. ಈ ಬಗ್ಗೆ ಠಾಣೆಗೆ ದೂರು ಬರೆದುಕೊಟ್ಟವನು ನಾನು. ತಾವು ಕೊಟ್ಟ ಒಪ್ಪಿಗೆ ಹೇಳಿಕೆಯನ್ನೂ ನಾನೇ ಬರೆದು ತಮ್ಮ ರುಜು ಪಡೆದಿರುತ್ತೇನೆ.

೪. ಮೂಳೆ ಕೂಡಿದೆ. ಕೋಲು ಹಿಡಿದು ನಡೆಯಬಹುದೆಂದು ಡಾಕ್ಟರು ಏಪ್ರಿಲ್‌ನಲ್ಲಿಯೇ ಹೇಳಿದರು. ಆದಾಗ್ಯೂ ತಿಪ್ಪೇಶನು ಮಂಚ ಬಿಟ್ಟು ಏಳುವುದಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾನೆ. ಆರು ತಿಂಗಳಿಂದ ಅವನು ತಾಯಿಯೊಂದಿಗಾಗಲಿ ನನ್ನೊಂದಿಗಾಗಲಿ ಮಾತನಾಡಿರುವುದಿಲ್ಲ.

೫. ಅವನ ಮಂಚದ ಕೆಳಗಿನ ಟ್ರಂಕಿನಲ್ಲಿ, ನೀವಿಬ್ಬರೂ ಒಂದು ವರ್ಷ ಕಾಲ ಒಂದೊಂದಾಗಿ ಕೊಂಡು ಕೂಡಿಸಿದ ಕಂಪ್ಯೂಟರ್ ಸಾಮಾನುಗಳಿವೆ. ಡಬ್ಬಿಗಳ ಮೇಲಿದ್ದಂತೆ ಅವು: ಪ್ರೊಸೆಸರ್ ಒಂದು, ರ‍್ಯಾಮ್ ಎರಡು, ಗ್ರಾಫಿಕ್ಸ್ ಕಾರ್ಡ್ ಒಂದು, ಖಾಲಿ ಕ್ಯಾಬಿನೆಟ್ ಒಂದು. ಇವೆಲ್ಲವನ್ನೂ ಕೂರಿಸಬೇಕಾದ ಮದರ್‌ಬೋರ್ಡ್ ಮಾತ್ರ ಇಲ್ಲ. ಅದಿಲ್ಲದೆ ಉಳಿದವುಗಳಿಂದ ಯಾವ ಉಪಯೋಗವೂ ಇಲ್ಲವೆಂದು ವಿಚಾರಿಸಿ ತಿಳಿದಿದ್ದೇನೆ.

೬. ಈ ಯಂತ್ರ ಪೂರ್ತಿಯಾಗಿ ಅವನ ಕಣ್ಣ ಮುಂದೆ ನಿಂತರೆ ಅವನು ಈ ಕಡೆ ತಿರುಗಿಯಾನು ಎಂಬುದು ನನ್ನ ಎಣಿಕೆ. ಆದ್ದರಿಂದ ಯಾವ ಮದರ್‌ಬೋರ್ಡ್ ತರತಕ್ಕದ್ದೆಂದು ತಾವು ಸ್ಪಷ್ಟವಾಗಿ ತಿಳಿಸುವುದು.

೭. ಈ ಪತ್ರದಿಂದ ತಮ್ಮ ಮೇಲಿನ ನನ್ನ ಆಕ್ಷೇಪಣೆ ಯಾವ ರೀತಿಯಿಂದಲೂ ಸಡಿಲವಾಯಿತೆಂದು ಭಾವಿಸತಕ್ಕದ್ದಲ್ಲ.

ಹಾಲಸ್ವಾಮಿ


ಸಂಡೂರು
೨೦ ಆಗಸ್ಟ್ ೨೦೦೭

ಹಾಲಸ್ವಾಮಿ ಅಜ್ಜನವರಿಗೆ ಓಬಳೇಶನ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಅಪ್ಪ ಅದನ್ನು ವಕೀಲರ ಹತ್ತಿರ ಒಯ್ದಿದ್ದರು. ವಕೀಲರು ಎರಡು ಸಲ ಓದಿ, ಮೂರನೆಯ ಕಲಮು ನೋಡಿದರೆ ಇದು ಪರಿಹಾರದ ನೋಟೀಸಿಗೆ ಪೀಠಿಕೆ, ಮದರ್‌ಬೋರ್ಡ್ ಎಂಬುದು ನಿನ್ನ ಬಾಯಿಂದ ಮಾತು ಹೊರಡಿಸುವುದಕ್ಕೆ ಇಟ್ಟಿರುವುದು ಎಂದರಂತೆ. ಉತ್ತರ ಬರೆಯಕೂಡದು ಎಂದೂ ಹೇಳಿದರಂತೆ. ಅಪ್ಪನಿಗೆ ತಿಳಿಯದ ಹಾಗೆ ಇಷ್ಟು ಬರೆಯುತ್ತಿದ್ದೇನೆ.

ನನಗೆ ಹೇಳುವುದು ಏನೂ ಇಲ್ಲ. ಠಾಣೆಯಲ್ಲಿ ಹೇಳಿದ್ದೇ ನನ್ನ ಮಾತು.

ಓಬಳೇಶ


ಕಂಪ್ಲಿ
೨೯ ಆಗಸ್ಟ್ ೨೦೦೭

ಓಬಳೇಶ ಇವರಿಗೆ,

ಉಲ್ಲೇಖ: ತಮ್ಮ ಇದೇ ತಿಂಗಳ ಇಪ್ಪತ್ತನೇ ತಾರೀಖಿನ ಪತ್ರ.

ಸದರಿ ಪತ್ರವು ನನಗೆ ಅರ್ಥವಾಗಲಿಲ್ಲ. ಮದರ್‌ಬೋರ್ಡ್ ಯಾವುದೆಂದು ಕೇಳಿದರೆ, ಠಾಣೆಯಲ್ಲಿ ಹೇಳಿದ್ದೇ ನನ್ನ ಮಾತು ಎಂಬುದು ಉತ್ತರವಾಗಲಾರದು. ಠಾಣೆಯಲ್ಲಿ ಮದರ್‌ಬೋರ್ಡಿನ ಪ್ರಸ್ತಾಪವೇ ಬಂದಿರಲಿಲ್ಲ. ನೋಟೀಸು ಕೊಡುವ ಉದ್ದೇಶವಿದ್ದರೆ, ನೋಟೀಸು ಎಂದೇ ತಲೆಬರಹ ಕೊಟ್ಟು ಬರೆಯುವಷ್ಟು ಅನುಭವ ನನಗಿದೆ. ಇದನ್ನು ತಮ್ಮ ವಕೀಲರಿಗೆ ತಿಳಿಸಬಹುದು.

ತಾವು ಕೊನೆಗೆ ಬರೆದು ಹೊಡೆದು ಹಾಕಿದ ಸಾಲನ್ನು, ಹಾಳೆಯ ಹಿಂಬದಿಯನ್ನು ಕಿಟಕಿಗೆ ಹಿಡಿದು ಓದಿದ್ದೇನೆ. ‘ಅವನು ಊಟ ಮಾಡ್ತಾನೇನ್ರಿ’ ಎಂದಿದೆ. ಹೊಡೆದ ಸಾಲಿಗೆ ಉತ್ತರ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ. ಆದರೂ ತಿಳಿಸುತ್ತೇನೆ: ಮಾಡುತ್ತಾನೆ, ಅರ್ಧ.

ತಮ್ಮಿಂದ ಮಾಹಿತಿ ಬಾರದ ಕಾರಣ ನಾನೇ ಬಸ್ಸಿನಲ್ಲಿ ಹೊಸಪೇಟೆಗೆ ಹೋಗಿ, ಕಚೇರಿಯ ಖರೀದಿ ಕ್ರಮದಂತೆ ಮೂರು ಅಂಗಡಿಗಳಿಂದ ಲಿಖಿತ ದರಪಟ್ಟಿ ಪಡೆದೆನು. ಮೊದಲ ಅಂಗಡಿಯವನು, “ಅಜ್ಜಾರ, ಸಾಕೆಟ್ ಯಾವ್ದ್ರಿ?” ಎಂದು ಕೇಳಿದ. ಅದನ್ನು ತಿಳಿಯಲೆಂದೇ ಬಂದೆ ಎಂದೆ. ಎರಡನೆಯವನು ಗೇಮಿಂಗಿಗೋ ಆಫೀಸಿಗೋ ಎಂದು ಕೇಳಿ, ಗೇಮಿಂಗಿಗೆ ಎಂದು ನಾನು ಹೇಳಿದ ಕೂಡಲೇ ನನ್ನ ಮುಖವನ್ನೂ ರುಮಾಲನ್ನೂ ನೋಡಿ ಒಳಗಿದ್ದವರನ್ನೆಲ್ಲ ಕರೆದ. ಅವರೆಲ್ಲರೂ ಒಬ್ಬೊಬ್ಬರು ಒಂದೊಂದು ಬೋರ್ಡಿನ ಹೆಸರು ಹೇಳಿದರು. ಒಂದರಲ್ಲಿ ರ‍್ಯಾಮ್ ಕೂರುತ್ತದೆ, ಕಾರ್ಡ್ ಕೂರುವುದಿಲ್ಲ. ಇನ್ನೊಂದರಲ್ಲಿ ಕಾರ್ಡ್ ಕೂರುತ್ತದೆ, ಪ್ರೊಸೆಸರ್ ಕೂರುವುದಿಲ್ಲ, ಆದರೆ ಅದು ಭಾಳ ಮಸ್ತ್ ಬೋರ್ಡು ಎಂದರು. ಕೂರದ ಬೋರ್ಡು ಮಸ್ತ್ ಆಗುವುದು ಹೇಗೆಂಬುದು ನನಗೆ ಇಂದಿಗೂ ತಿಳಿದಿಲ್ಲ. ಮೂರನೆಯ ಅಂಗಡಿಯವನು ಮಾತ್ರ ಪ್ರೊಸೆಸರಿನ ಕಂಪನಿಯ ಹೆಸರು ಹೊರತು ಬೇರೇನನ್ನೂ ಕೇಳದೆ, ನಮ್ಮ ಪ್ರೊಸೆಸರಿನ ಕಂಪನಿಗೆ ಸೇರುವ ಬೋರ್ಡು ತನ್ನಲ್ಲಿ ಒಂದೇ ಉಳಿದಿದೆ ಎಂದು ತೋರಿಸಿದ. ಅವನ ದರವೇ ಮೂರರಲ್ಲಿ ಕಡಿಮೆಯದು.

ಒಂದು ಸಂಶಯ ಉಳಿದಿದೆ. ಆ ಬೋರ್ಡಿನ ಡಬ್ಬಿಯ ಮೇಲೆ ೯೩೯ ಎಂದು ಅಚ್ಚಾಗಿದೆ. ಪ್ರೊಸೆಸರಿನ ಸೂಜಿಗಳು ಇಳಿಯುವ ತೂತುಗಳ ಸಂಖ್ಯೆ ಅದೆಂದು ಅಂಗಡಿಯವನು ಹೇಳಿದ. ಮನೆಗೆ ಬಂದು ನಾನು ಭೂತಗನ್ನಡಿಯನ್ನೂ ಸೊಸೆ ಶೈಲಜಾಳ ಹೊಲಿಗೆ ಸೂಜಿಯನ್ನೂ ಹಿಡಿದು, ಟ್ರಂಕಿನಲ್ಲಿದ್ದ ಪ್ರೊಸೆಸರಿನ ಸೂಜಿಗಳನ್ನು ಎಣಿಸಿದೆನು. ನಕಲಿಗೆ ಪದದ ಲೆಕ್ಕದಲ್ಲಿ ಕೂಲಿ ಇದ್ದುದರಿಂದ ಎಣಿಕೆ ನನಗೆ ಹೊಸದಲ್ಲ. ಮೂರು ಬಾರಿಯೂ ಒಂಬೈನೂರ ನಲವತ್ತು ಬಂದಿತು. ಹೀಗೆ ಒಂದು ಸೂಜಿಗೆ ತೂತು ಇಲ್ಲದಂತಾಗುತ್ತದೆ. ಸಾವಿರ ಪದದ ನಕಲಿನಲ್ಲಿ ಒಂದು ಪದದ ವ್ಯತ್ಯಾಸವನ್ನು ಕಚೇರಿಯವರು ಮನ್ನಾ ಮಾಡುತ್ತಿದ್ದರು. ಆ ರಿಯಾಯಿತಿ ಇಲ್ಲಿಯೂ ಅನ್ವಯಿಸುವುದೇ ಎಂಬುದನ್ನು ತಾವು ತಿಳಿಸಬೇಕು.

ಈ ಪತ್ರ ಮುಟ್ಟಿದ ಹದಿನೈದು ದಿನಗಳೊಳಗೆ ತಮ್ಮ ಆಕ್ಷೇಪಣೆ ಬಾರದಿದ್ದಲ್ಲಿ, ಸದರಿ ಬೋರ್ಡಿಗೆ ತಮ್ಮ ಸಮ್ಮತಿ ಇದೆಯೆಂದು ಭಾವಿಸಿ ಮುಂದುವರಿಯಲಾಗುವುದು.

ಹಾಲಸ್ವಾಮಿ


ಕಂಪ್ಲಿ
೧೭ ಸೆಪ್ಟೆಂಬರ್ ೨೦೦೭

ಓಬಳೇಶ ಇವರಿಗೆ,

ಹದಿನೈದು ದಿನಗಳು ಕಳೆದವು. ಆಕ್ಷೇಪಣೆ ಬರಲಿಲ್ಲ. ಮೊನ್ನೆ ಶನಿವಾರ ಬೋರ್ಡು ಕೊಂಡು ತಂದೆನು. ಆ ಬಳಿಕ ನಡೆದುದನ್ನು ತಮಗೆ ತಿಳಿಸುವುದು ನನ್ನ ಕರ್ತವ್ಯವೋ ಅಲ್ಲವೋ ಎಂದು ಎರಡು ದಿನ ಯೋಚಿಸಿ, ಕೊನೆಗೆ ಬರೆಯುತ್ತಿದ್ದೇನೆ.

ತಿಪ್ಪೇಶನ ಮಂಚದ ಪಕ್ಕದಲ್ಲಿಯೇ ನೆಲದ ಮೇಲೆ ಬಿಳಿ ಪಂಚೆ ಹಾಸಿ, ಅದರ ಮೇಲೆ ಬೋರ್ಡನ್ನಿಟ್ಟು, ಪ್ರೊಸೆಸರನ್ನು ಅದರ ಮನೆಯ ಮೇಲೆ ಇಟ್ಟೆನು. ಅದು ಇಳಿಯಲಿಲ್ಲ. ತಿರುಗಿಸಿ ಇಟ್ಟೆನು. ಇಳಿಯಲಿಲ್ಲ. ನಾಲ್ಕು ದಿಕ್ಕಿಗೂ ತಿರುಗಿಸಿ ನೋಡಿದ ಮೇಲೆ, ಆ ಒಂದು ಹೆಚ್ಚಿನ ಸೂಜಿಯೇ ತಡೆಯುತ್ತಿರಬೇಕೆಂದು ತಿಳಿದು ಹೆಬ್ಬೆರಳಿನಿಂದ ಒತ್ತಲು ಹೊರಟೆನು. ಆಗ ಮಂಚದ ಮೇಲಿಂದ ಧ್ವನಿ ಬಂದಿತು.

“ಒತ್ತಬ್ಯಾಡ್ರಿ ಅಜ್ಜ. ಅದು ಅದ್ರ ಮನಿ ಅಲ್ಲ.”

ನಾನು ತಲೆ ಎತ್ತಿ ನೋಡಿದೆ. ಅವನು ಒಂದು ಮೊಣಕೈ ಊರಿ ಈ ಕಡೆ ಹೊರಳಿದ್ದ. ಗಡ್ಡ ಬೆಳೆದ ಅವನ ಮುಖವನ್ನು ಹಗಲು ಬೆಳಕಿನಲ್ಲಿ ನಾನು ನೋಡಿ ಬಹಳ ದಿನವಾಗಿತ್ತು. ಶೈಲಜಾ ಅಡುಗೆಮನೆಯಿಂದ ಬಂದವಳು ಬಾಗಿಲಲ್ಲಿಯೇ ನಿಂತುಬಿಟ್ಟಳು. ನಾನು ಕೈ ತೆಗೆದು, ಒಂದೇ ತೂತಿನ ಕೊರತೆ ಎಂದೆ.

“ಒಂದಲ್ರಿ, ಎಲ್ಲಾನೂ ಬ್ಯಾರೆ. ಇದು ಹಳೇ ಬೋರ್ಡು. ರ‍್ಯಾಮೂ ಕುಂದ್ರಂಗಿಲ್ಲ. ಯಾರು ಆರ್ಸಿದ್ದು ಇದನ್ನ?”

ಮೂರು ದರಪಟ್ಟಿ ಪಡೆದು ಕ್ರಮಬದ್ಧವಾಗಿ ಆರಿಸಲಾಯಿತೆಂದು ಹೇಳಿದೆ. ಅವನು ನಕ್ಕನೋ ಕೆಮ್ಮಿದನೋ ಹೇಳಲಾರೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನಾನು ವಿವರ ಪೂರ್ಣವಾಗಿರಲೆಂದು, ಓಬಳೇಶನಿಗೂ ಎರಡು ಪತ್ರ ಬರೆದಿದ್ದೆ, ಅವನು ಆಕ್ಷೇಪಿಸಲಿಲ್ಲ ಎಂದು ಸೇರಿಸಿದೆ.

ತಮ್ಮ ಹೆಸರು ಕಿವಿಗೆ ಬಿದ್ದ ಕ್ಷಣವೇ ಅವನು ಗೋಡೆಗೆ ತಿರುಗಿದ. ಭುಜ ನಡುಗುತ್ತಿತ್ತು. ಅಂದಿನಿಂದ ಇಂದಿನವರೆಗೆ ಮತ್ತೆ ಮಾತಿಲ್ಲ. ಅರ್ಧ ಊಟವೂ ಕಾಲು ಭಾಗಕ್ಕೆ ಇಳಿದಿದೆ.

ತಮ್ಮ ಮೇಲೆ ಅವನಿಗಿರುವ ಸಿಟ್ಟು ಎಷ್ಟೆಂಬುದು ಇದರಿಂದ ನನಗೆ ಮನದಟ್ಟಾಯಿತು. ಏಳು ತಿಂಗಳ ಬಳಿಕ ತಿರುಗಿದ ಮುಖವನ್ನು ತಮ್ಮ ಹೆಸರು ಮತ್ತೆ ಗೋಡೆಗೆ ತಿರುಗಿಸಿತು. ತಮಗೆ ಬರೆದದ್ದೇ ನನ್ನ ತಪ್ಪು. ಇನ್ನು ಮುಂದೆ ತಾವು ಈ ವಿಳಾಸಕ್ಕೆ ಏನನ್ನೂ ಬರೆಯತಕ್ಕದ್ದಲ್ಲ. ಬೋರ್ಡಿನ ವಿಚಾರವನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ.

ಹಾಲಸ್ವಾಮಿ


ಸಂಡೂರು
೧೬ ಸೆಪ್ಟೆಂಬರ್ ೨೦೦೭

ಅಜ್ಜನವರಿಗೆ ಓಬಳೇಶನ ನಮಸ್ಕಾರ.

ನಿಮ್ಮ ಎರಡನೆಯ ಪತ್ರ ಇವತ್ತು ನನ್ನ ಕೈಗೆ ಸಿಕ್ಕಿತು. ಅಪ್ಪ ಅದನ್ನು ಬಚ್ಚಿಟ್ಟಿದ್ದರು. ನಾನೀಗ ಕುರೆಕುಪ್ಪದ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದೇನೆ, ವಾರಕ್ಕೊಮ್ಮೆ ಊರಿಗೆ ಬರುತ್ತೇನೆ. ಗಣಿಯಲ್ಲಿ ಡಂಪರ್ ಓಡಿಸುವ ಕೆಲಸಕ್ಕೆ ಕರೆದಿದ್ದರು. ಹೋಗಲಿಲ್ಲ. ಇವತ್ತು ಬಟ್ಟೆ ಹುಡುಕುವಾಗ ಅಪ್ಪನ ಅಂಗಿಯ ಕೆಳಗೆ ನಿಮ್ಮ ಅಕ್ಷರ ಕಂಡಿತು. ಹದಿನೈದು ದಿನ ಇವತ್ತಿಗೋ ನಿನ್ನೆಗೋ ಮುಗಿದಿರಬೇಕು. ಆದ್ದರಿಂದ ಅವಸರದಲ್ಲಿ ಬರೆಯುತ್ತಿದ್ದೇನೆ.

ನೀವು ಸೂಜಿ ಹಿಡಿದು ಒಂಬೈನೂರ ನಲವತ್ತನ್ನೂ ಮೂರು ಸಲ ಎಣಿಸಿದ್ದನ್ನು ಓದಿದೆ. ಇದು ನೋಟೀಸಲ್ಲ ಎಂದು ಆಗ ನನಗೆ ನಂಬಿಕೆ ಬಂತು. ಅಪ್ಪನಿಗೂ ಓದಿ ಹೇಳಿದೆ. ಅವರು, “ಆ ಮುದುಕಪ್ಪಗ ಕಣ್ಣು ಇನ್ನೂ ಚಲೋ ಅದಾವಲೇ” ಎಂದರು.

ಅಜ್ಜ, ಆ ೯೩೯ರ ಬೋರ್ಡು ಬೇಡ. ಇದರಲ್ಲಿ ಒಂದರ ರಿಯಾಯಿತಿ ಇಲ್ಲ. ನಮ್ಮ ಪ್ರೊಸೆಸರಿನದು ಎಎಂ೨ ಎಂಬ ಸಾಕೆಟ್. ಅದರಲ್ಲಿ ತೂತುಗಳು ಒಂಬೈನೂರ ನಲವತ್ತೇ ಇರುತ್ತವೆ, ನಿಮ್ಮ ಎಣಿಕೆ ಸರಿ. ೯೩೯ ಅದಕ್ಕಿಂತ ಮೊದಲಿನದು, ಸೂಜಿಗಳ ಸಾಲು ಬೇರೆ. ಒತ್ತಿದರೆ ಸೂಜಿ ಬಾಗುತ್ತವೆ. ಇಂಟೆಲ್ ಬೋರ್ಡುಗಳಲ್ಲಂತೂ ತೂತೇ ಇರುವುದಿಲ್ಲ. ನೀವು ಅಂಗಡಿಯಲ್ಲಿ ಮೂರು ಮಾತು ಕೇಳಬೇಕು: ಸಾಕೆಟ್ ಎಎಂ೨ ಹೌದೋ, ರ‍್ಯಾಮ್ ಡಿಡಿಆರ್೨ ಹಿಡಿಯುತ್ತದೋ, ಗ್ರಾಫಿಕ್ಸ್ ಕಾರ್ಡಿಗೆ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸಾಲು ಇದೆಯೋ. ಮೂರಕ್ಕೂ ಹೌದು ಎಂದರೆ ಮಾತ್ರ ತಗೊಳ್ಳಿ. ಇದಕ್ಕಾಗಿ ನಾನೂ ತಿಪ್ಪೇಶನೂ ನಾಲ್ಕು ತಿಂಗಳು ಜಗಳವಾಡಿದ್ದೆವು. ಅವನಿಗೆ ಅಗ್ಗದ್ದು ಬೇಕಿತ್ತು. ಮುಂದೆ ಇನ್ನೊಂದು ಕಾರ್ಡ್ ಹಾಕಲು ಜಾಗವಿರುವುದೇ ಬೇಕೆಂದು ನಾನು ಹಟ ಹಿಡಿದಿದ್ದೆ. ಕೊನೆಗೆ ಅವನು ಸೋತು, “ನೀನ ಆರ್ಸಲೇ, ನೀನ ಹೊತ್ಕೊಂಡು ಬಾ” ಎಂದಿದ್ದ.

ನಾನು ಆರಿಸಿದ ಆ ಬೋರ್ಡು ಏನಾಯಿತು ಎಂದು ನೀವು ಕೇಳಿಲ್ಲ. ಆ ಸಂಜೆ ನಾವು ಅದನ್ನೇ ಕೊಂಡು ಬರುತ್ತಿದ್ದೆವು. ಮರುದಿನ ಉಳಿದ ಸಾಮಾನುಗಳನ್ನೂ ತಂದು ನಮ್ಮ ಮನೆಯಲ್ಲಿ ಎಲ್ಲವನ್ನೂ ಜೋಡಿಸುವುದೆಂದು ಮಾತಾಗಿತ್ತು. ರಸ್ತೆಯ ಕುಣಿಗಳಿಗೆ ಅದಕ್ಕೆ ಪೆಟ್ಟಾದೀತೆಂದು ಹೊಸಪೇಟೆಯಿಂದ ಡಬ್ಬಿಯನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡೇ ಬಂದೆ. ಬೀಳುವಾಗಲೂ ಬಿಡಲಿಲ್ಲ. ಆದರೂ ನಡುವೆಯೇ ಸೀಳಿತು. ಅದು ನಮ್ಮ ಮನೆಯ ಅಟ್ಟದ ಮೇಲಿದೆ.

ತಿಪ್ಪೇಶನಿಗೆ ನಾನು ಬರೆದದ್ದು ಹೇಳಬೇಡಿ. ಅವನಿಗೆ ತೊಂದರೆಯಾಗುತ್ತದೆ.

ಓಬಳೇಶ


ಕಂಪ್ಲಿ
೨೬ ಸೆಪ್ಟೆಂಬರ್ ೨೦೦೭

ಚಿರಂಜೀವಿ ಓಬಳೇಶನಿಗೆ ಹಾಲಸ್ವಾಮಿಯ ಆಶೀರ್ವಾದಗಳು.

ಈ ಪತ್ರಕ್ಕೆ ಕ್ರಮಸಂಖ್ಯೆ ಹಾಕಲು ಹೊರಟು ಎರಡು ಹಾಳೆ ಹರಿದಿದ್ದೇನೆ. ಇದು ಮೂರನೆಯದು. ಏನನ್ನು ಮೊದಲು ಬರೆಯಬೇಕೆಂಬುದು ಇನ್ನೂ ತಿಳಿಯುತ್ತಿಲ್ಲ.

ನಿನ್ನ ಪತ್ರವೂ ನನ್ನ ಪತ್ರವೂ ದಾರಿಯಲ್ಲಿ ಒಂದನ್ನೊಂದು ದಾಟಿವೆ. ನಿನ್ನದನ್ನು ಮೊದಲು ಬೋರ್ಡಿನ ವಿವರಕ್ಕಾಗಿ ಓದಿದೆ. ಎರಡನೆಯ ಸಲ ಓದುವಾಗ ಒಂದು ಸಾಲಿನಲ್ಲಿ ಕಣ್ಣು ನಿಂತಿತು. ಡಬ್ಬಿಯನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡು ಬಂದೆ ಎಂದು ಬರೆದಿದ್ದೀಯೆ. ಎರಡೂ ಕೈ ಡಬ್ಬಿಯ ಮೇಲಿದ್ದರೆ ಗಾಡಿಯ ಹ್ಯಾಂಡಲ್ ಹಿಡಿದವರು ಯಾರು?

ಮೂವತ್ತೆಂಟು ವರ್ಷ ಪರರ ಹೇಳಿಕೆಗಳನ್ನು ನಕಲು ಮಾಡಿದವನು ನಾನು. ಒಂದು ಸಾಲು ಇನ್ನೊಂದಕ್ಕೆ ಹೊಂದದಿದ್ದರೆ ಬೆರಳಿಟ್ಟು ತೋರಿಸುತ್ತಿದ್ದೆ. ಆ ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ನಿನ್ನನ್ನು ಕೇಳಿದ ಪ್ರಶ್ನೆ ಯಾವುದೆಂದು ನೆನಪು ಮಾಡಿಕೊಂಡೆ. ಗಾಡಿ ಯಾರದು ಎಂದು ಕೇಳಿದ್ದೆ. ನಿನ್ನದೆಂದು ನೀನು ಹೇಳಿದೆ. ಅಷ್ಟಕ್ಕೆ ನಾನು ‘ನಡೆಸುತ್ತಿದ್ದ’ ಎಂದು ಬರೆದೆ. ಯಾರು ನಡೆಸುತ್ತಿದ್ದರು ಎಂದು ಕೇಳಲೇ ಇಲ್ಲ. ಗಾಡಿಯ ಒಡೆಯನೇ ನಡೆಸಿದವನೆಂದು ಹಿಡಿಯುವುದು ನನ್ನ ಕೈಗೆ ರೂಢಿಯಾದ ಬರವಣಿಗೆ. ನೀನು ಅದನ್ನು ಓದಿ, ನನ್ನ ಮುಖ ನೋಡಿ, ಸುಮ್ಮನೆ ರುಜು ಹಾಕಿದೆ. ಆ ಮೌನವನ್ನೂ ನಾನು ಒಪ್ಪಿಗೆಯೆಂದೇ ತಿಳಿದೆ.

ತಿಪ್ಪೇಶನಿಗೆ ಹೇಳಬೇಡಿ ಎಂಬ ನಿನ್ನ ಮಾತನ್ನು ಮೀರಿದ್ದೇನೆ. ಆ ಸಾಲನ್ನು ಅವನ ಬೆನ್ನ ಹಿಂದೆ ನಿಂತು ಗಟ್ಟಿಯಾಗಿ ಓದಿದೆ. ನಾನು ಕನ್ನಡಕ ತೆಗೆಯುವಷ್ಟರಲ್ಲಿ ಗೋಡೆಗೇ ಹೇಳುವಂತೆ ಹೇಳಿದ.

“ನಾನ ಹೊಡೀತಿದ್ದೆ ಅಜ್ಜ. ಲೈಸೆನ್ಸ್ ಇರ್ಲಿಲ್ಲ, ಬ್ಯಾಡ ಅಂದ್ರೂ ಕೇಳದ ಇಸ್ಕೊಂಡೆ. ನನಗ ಎಚ್ಚರಾಗೋದ್ರೊಳಗ ನೀವು ಬರ್ದು ಮುಗ್ಸಿದ್ರಿ.”

ಎಚ್ಚರವಾದ ಮೇಲಾದರೂ ಏಕೆ ಹೇಳಲಿಲ್ಲ ಎಂದು ಕೇಳಿದೆ.

“ಆಸ್ಪತ್ರ್ಯಾಗ ಬಂದೋರಿಗೆಲ್ಲ ನೀವು ಅದನ್ನ ಓದಿ ತೋರಸ್ತಿದ್ರಿ. ಎಷ್ಟು ಚಂದ ಬರ್ದೀರಿ ಅಂತಿದ್ರು. ನಾ ಯಾರಿಗೆ ಹೇಳ್ಲಿ?”

ಇದು ನಿಜ. ಓದಿ ತೋರಿಸಿದ್ದೇನೆ. ಎಮ್ಮಿಗನೂರಿನಿಂದ ಬಂದಿದ್ದ ಬೀಗರಿಗೆ ಎರಡು ಸಲ ಓದಿದ್ದೇನೆ. ಅವನು ಅದನ್ನು ಕೇಳಿಸಿಕೊಳ್ಳುತ್ತ ಮಲಗಿದ್ದ. ಮೊದಲು ಮೂಳೆಯ ನೋವಿಗೆ ಗೋಡೆಗೆ ತಿರುಗಿದವನು ಆಮೇಲೆ ನಮ್ಮ ಮುಖ ನೋಡಲಾರದೆ ಹಾಗೆಯೇ ಉಳಿದ. ನಿನ್ನ ಹೆಸರು ಕೇಳಿ ಭುಜ ನಡುಗಿದ್ದನ್ನು ನಾನು ಸಿಟ್ಟು ಎಂದು ಬರೆದೆ. ಹದಿನೇಳರ ಪತ್ರವನ್ನು ನೀನು ಇಟ್ಟುಕೊಳ್ಳಬೇಕಾಗಿಲ್ಲ.

ಡಂಪರ್ ಕೆಲಸಕ್ಕೆ ಹೋಗಲಿಲ್ಲ ಎಂದು ಅರ್ಧ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀಯೆ. ಕೇಸು ಇರುವವನನ್ನು ಗಣಿಯವರು ಚಾಲಕನ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು ನನಗೆ ಗೊತ್ತು. ನಾನು ಇಷ್ಟು ವರ್ಷ ಬರೆದದ್ದರಲ್ಲಿ ಒಂದೇ ಒಂದು ಸುಳ್ಳು ಸಾಲು ಇದೆಯೆಂದರೆ ಅದು ಆ ದೂರಿನ ಮೂರನೆಯ ಸಾಲು. ನೀನು ಬರೆಸಿದ್ದಲ್ಲ, ತಿಪ್ಪೇಶ ಬರೆಸಿದ್ದಲ್ಲ. ಬರೆದವನು ನಾನು. ಇದಕ್ಕೆ ತಕ್ಕ ಮಾತು ನನ್ನ ಯಾವ ಮಾದರಿ ಅರ್ಜಿಯಲ್ಲಿಯೂ ಇಲ್ಲ. ನಿನ್ನ ತಂದೆ ಸುಂಕಪ್ಪನವರ ಎದುರು ನಿಂತು ಹೇಳಬೇಕಾದದ್ದನ್ನು ಅಲ್ಲಿಗೇ ಬಂದು ಹೇಳುತ್ತೇನೆ.

ಠಾಣೆಗೆ ತಿದ್ದುಪಡಿ ಹೇಳಿಕೆ ಕೊಡಲು ತೀರ್ಮಾನವಾಗಿದೆ. ಕರಡು ಸಿದ್ಧಪಡಿಸುತ್ತೇನೆಂದು ಹಾಳೆ ತೆಗೆದೆ. ತಿಪ್ಪೇಶ ಮಂಚದ ಮೇಲೆ ಎದ್ದು ಕುಳಿತು, ನನ್ನ ಕೈಯಿಂದ ಪೆನ್ನು ತೆಗೆದುಕೊಂಡ. “ನೀವು ಬರೀಬ್ಯಾಡ್ರಿ” ಎಂದ. ತಾನೇ ಬರೆದ. ಬರೆಯುವಷ್ಟು ಹೊತ್ತೂ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ. ಶೈಲಜಾ ತಂದಿಟ್ಟ ರೊಟ್ಟಿಯನ್ನು ಎಡಗೈಯ ಕಡೆಯೇ ಇಟ್ಟುಕೊಂಡು, ನಡುನಡುವೆ ಮುರಿದು ತಿಂದ. ಎರಡು ರೊಟ್ಟಿ. ನೀನು ಹೊಡೆದು ಹಾಕದೆ ಕೇಳಿದ್ದರೂ ನಾನು ಇಷ್ಟೇ ಸಂತೋಷದಿಂದ ತಿಳಿಸುತ್ತಿದ್ದೆ.

ಬರುವ ಸೋಮವಾರ ಬೆಳಿಗ್ಗೆ ಅವನೂ ನಾನೂ ಬಸ್ಸಿನಲ್ಲಿ ಠಾಣೆಗೆ ಬರುತ್ತೇವೆ. ಅವನಿಗೆ ಕೋಲು ಬೇಕು, ನನಗೂ ಬೇಕು. ಅವನ ಮೇಲೆ ಏನು ಬರುತ್ತದೋ ಬರಲಿ ಎಂದು ಅವನೇ ಹೇಳಿದ್ದಾನೆ. ನನಗೆ ಭಯವಿದೆ, ಆದರೆ ಬೇಡವೆನ್ನಲು ನನಗೆ ಅಧಿಕಾರವಿಲ್ಲ.

ಇನ್ನು ಬೋರ್ಡಿನ ವಿಚಾರ. ಮುಕ್ತಾಯಗೊಳಿಸಲಾಗಿದೆ ಎಂದು ಬರೆದದ್ದನ್ನು ಹಿಂತೆಗೆದುಕೊಂಡಿದ್ದೇನೆ. ೯೩೯ರದ್ದನ್ನು ಅಂಗಡಿಯವನು ಮರಳಿ ತೆಗೆದುಕೊಳ್ಳಲು ಒಪ್ಪಿದ್ದಾನೆ. ಎಎಂ೨ದಲ್ಲಿಯೂ ಆರೇಳು ಬಗೆ ಇವೆಯೆಂದು ಹೇಳಿ ಮತ್ತೆ ನನ್ನ ತಲೆ ಕೆಡಿಸಿದ. ಇನ್ನೊಂದು ಕಾರ್ಡಿಗೆ ಜಾಗ ಬೇಕೇ ಬೇಡವೇ ಎಂದು ತಿಪ್ಪೇಶನನ್ನು ಕೇಳಿದೆ. “ಅಂವನ್ನ ಕೇಳ್ರಿ” ಎಂದ. ಆದ್ದರಿಂದ ಆರಿಸುವವನು ನೀನೇ. ಅಂಚೆಯಲ್ಲಿ ಬಂದರೆ ಈ ಮನೆಯಲ್ಲಿ ಯಾರೂ ಸ್ವೀಕರಿಸುವುದಿಲ್ಲ. ಎರಡೂ ಕೈಯಲ್ಲಿ ಹಿಡಿದು ನೀನೇ ಮುದ್ದಾಂ ತರತಕ್ಕದ್ದು.

ಹಾಲಸ್ವಾಮಿ
(ರುಜು)

ಲಗತ್ತು: ತಿಪ್ಪೇಶನ ಹೇಳಿಕೆಯ ನಕಲು, ಒಂದು ಹಾಳೆ. ನಕಲು ನನ್ನ ಕೈಯದು. ಮೂಲದಲ್ಲಿರುವ ತಪ್ಪಕ್ಷರಗಳನ್ನು ತಿದ್ದಿಲ್ಲ.